ನನ್ನ ಸಹಿ ಬಿದ್ದ ನೋಟ್‌ಬುಕ್ಕು

ಹೋದ ತಿಂಗಳು ಕುಣಿಗಲ್ಲಿಗೆ ಹೋಗಿದ್ದೆ. ಬಸ್‌ಸ್ಟ್ಯಾಂಡಿನಲ್ಲಿ ಆಟೋ ಹತ್ತಿ, ಡ್ರೈವರ್ ಸರಿಯಾದ ದಾರಿಯಲ್ಲೇ ಹೋಗುತ್ತಿದ್ದಾನಾ ಅಂತ ಮೊಬೈಲಿನ ಮ್ಯಾಪಿನ ಮೇಲೆ ಒಂದು ಕಣ್ಣಿಟ್ಟುಕೊಂಡು, ಹಿಟ್ಟಿನ ಗಿರಣಿ ಪಕ್ಕದ ಶೀಟಿನ ಶೆಡ್ಡಿನ ಮುಂದೆ ಇಳಿದೆ. ಒಳಗೆ ಯಾರೋ ಧನಿಯಾ ಹುರಿಯುತ್ತಿದ್ದರು. ಅದರ ಹಿಂದೆಯೇ ಒಣಮೆಣಸಿನಕಾಯಿಯ ಘಾಟು ಬಂತು. ಬಾಗಿಲಲ್ಲೇ ನಿಂತು ನಾಲ್ಕು ಸಲ ಸೀನಿದೆ. ಐದನೇ ಸೀನು ಬರುವ ಹೊತ್ತಿಗೆ ನಾನು ಕುಣಿಗಲ್ಲಿನಲ್ಲಿ ಇರಲಿಲ್ಲ. ಏಳು ವರ್ಷ ಹಿಂದಕ್ಕೆ ಹೋಗಿ, ವಸಂತನರಸಾಪುರದ ಕಂಪನಿ ಬಸ್ಸಿನಲ್ಲಿ ಬಲಗಡೆ ಮೂರನೇ ಸೀಟಿನಲ್ಲಿ, ತೊಡೆಯ ಮೇಲೆ ಇಂಗ್ಲಿಷ್ ನೋಟ್‌ಬುಕ್ ಇಟ್ಟುಕೊಂಡು ಕೂತಿದ್ದೆ. ಪಕ್ಕದಲ್ಲಿ ಅಂಬಿಕ ಇದ್ದಳು.

ನನ್ನ ಬಗ್ಗೆ ಮೊದಲು ಒಂದು ಮಾತು ಹೇಳಿಬಿಡುತ್ತೇನೆ. ಅನುಮಾನ ನನ್ನ ಹುಟ್ಟುಗುಣ. ಗ್ಯಾಸ್ ಆಫ್ ಮಾಡಿ, ಬೀದಿಯ ಕೊನೆವರೆಗೂ ಹೋಗಿ, ಆಫ್ ಮಾಡಿದೆನಾ ಅಂತ ವಾಪಸ್ ಬಂದು ನೋಡುವವಳು ನಾನು. ಬಸ್ಸಿಗೆ ಬೋರ್ಡು ಇದ್ದರೂ ಕಂಡಕ್ಟರನ್ನು ಕೇಳುತ್ತೇನೆ, ಕಂಡಕ್ಟರ್ ಹೇಳಿದ ಮೇಲೆ ಪಕ್ಕದಲ್ಲಿ ಕೂತವರನ್ನೂ ಕೇಳುತ್ತೇನೆ. ಅಮ್ಮ ಹೇಳುತ್ತಿದ್ದಳು: ‘ಎಲ್ಲಾ ನಿಮ್ಮಪ್ಪಂದೇ ಗುಣ ಕಣೇ. ಹಾಲಿನವ್ನು ಹಾಲು ಹುಯ್ಯೋವಾಗ ಕ್ಯಾನಿನೊಳಕ್ಕೇ ತಲೆ ಹಾಕಿ ನೋಡೋರು. ನಿನ್ನ ಕಟ್ಕೊಳೋನು ಯಾವನೋ, ಪುಣ್ಯಾತ್ಮ.’ ಆಗ ನಾನೂ ಅಮ್ಮನೂ ತುಮಕೂರಿನ ಬಟವಾಡಿಯಲ್ಲಿ ಒಂದು ಮನೆಯ ಹಿಂದಿನ ಭಾಗದಲ್ಲಿ ಬಾಡಿಗೆಗೆ ಇದ್ದೆವು. ಅಣ್ಣ ನಿಟ್ಟೂರಿನಲ್ಲಿ ಹೊಲ ನೋಡಿಕೊಂಡಿದ್ದ.

ನಾನು ಕೆಲಸ ಮಾಡುತ್ತಿದ್ದದ್ದು ಮಸಾಲೆ ಪುಡಿ ಮಾಡುವ ಕಂಪನಿಯಲ್ಲಿ, ಮೆಣಸಿನಪುಡಿ ಪ್ಯಾಕಿಂಗ್ ಲೈನಿನಲ್ಲಿ. ಮೂಗಿಗೆ ಬಟ್ಟೆ ಕಟ್ಟಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ಎರಡು ವರ್ಷಕ್ಕೆ ಒಂದು ಕೆಮ್ಮು ಹತ್ತಿಕೊಂಡಿತು. ಬಟವಾಡಿಯ ಕ್ಲಿನಿಕ್ಕಿನ ಡಾಕ್ಟರು ಎದೆಗೆ ಸ್ಟೆತಸ್ಕೋಪ್ ಇಟ್ಟು, ‘ಔಷಧಿ ಆಮೇಲೆ ನೋಡೋಣ, ಮೊದಲು ಆ ಧೂಳು ಬಿಡಮ್ಮ’ ಅಂದರು. ಬಿಡು ಅನ್ನುವುದು ಸುಲಭ. ನನ್ನ ಡಿಗ್ರಿ ಅರ್ಧಕ್ಕೆ ನೇತಾಡುತ್ತಿತ್ತು. ಎಲ್ಲಾ ಪಾಸಾಗಿ ಇಂಗ್ಲಿಷ್ ಒಂದೇ ಉಳಿದಿತ್ತು, ಅದನ್ನು ಮೂರು ಸಲ ಕಟ್ಟಿ ಮೂರು ಸಲವೂ ಫೇಲಾಗಿದ್ದೆ.

ಆ ವರ್ಷ ಯುಗಾದಿ ಕಳೆದ ಮೇಲೆ ಎರಡು ಸುದ್ದಿ ಒಟ್ಟಿಗೇ ಬಂದವು. ಹಳೇ ಸಿಲಬಸ್ಸಿನವರಿಗೆ ಇದೇ ಕೊನೇ ಪರೀಕ್ಷೆ ಅಂತ ವಿಶ್ವವಿದ್ಯಾಲಯದ ಸುತ್ತೋಲೆ ವಾಟ್ಸ್ಆ್ಯಪ್ಪಿನಲ್ಲಿ ಹರಿದಾಡಿತು. ಇನ್ನೊಂದು, ಕಂಪನಿಯ ಆಫೀಸಿನಲ್ಲಿ ದಾಖಲೆ ನೋಡಿಕೊಳ್ಳುವ ವಿಭಾಗದಲ್ಲಿ ಒಂದು ಜಾಗ ಖಾಲಿಯಾಯಿತು. ಮ್ಯಾನೇಜರ್ ನನ್ನನ್ನೂ ಅಂಬಿಕಳನ್ನೂ ಒಟ್ಟಿಗೆ ಕರೆದು, ‘ದೀಪಾವಳಿಯೊಳಗೆ ಯಾರು ಡಿಗ್ರಿ ಸರ್ಟಿಫಿಕೇಟ್ ತರ್ತೀರೋ ಅವರಿಗೆ ಆ ಸೀಟು’ ಅಂದರು. ಅಂಬಿಕಳಿಗೂ ಇಂಗ್ಲಿಷೇ ಉಳಿದಿತ್ತು. ಇಬ್ಬರೂ ತಂದರೆ ಏನು ಅಂತ ನಾನು ಕೇಳಿದೆ. ‘ತನ್ನಿ, ಆಮೇಲೆ ನೋಡೋಣ’ ಅಂತ ನಕ್ಕರು. ಆ ನಗು ನನಗೆ ಹಿಡಿಸಲಿಲ್ಲ.

ಅಂಬಿಕ ಕುಣಿಗಲ್ ಕಡೆಯವಳು, ನನ್ನ ಪಕ್ಕದ ಟೇಬಲ್ಲಿನವಳು. ಬಟವಾಡಿಯಲ್ಲೇ ನಮ್ಮ ಹಿಂದಿನ ರಸ್ತೆಯಲ್ಲಿ ಒಂದು ರೂಮಿನಲ್ಲಿದ್ದಳು. ಗಂಡ ಗೂಡ್ಸ್ ಗಾಡಿ ಓಡಿಸುತ್ತಿದ್ದ, ವಾರಕ್ಕೆ ಒಂದು ದಿನ ಮನೆಯಲ್ಲಿದ್ದರೆ ಹೆಚ್ಚು. ಐದು ವರ್ಷದ ಮಗಳನ್ನು ಕುಣಿಗಲ್ಲಿನಲ್ಲಿ ತಾಯಿಯ ಹತ್ತಿರ ಬಿಟ್ಟಿದ್ದಳು, ಯಾಕೆಂದರೆ ಪ್ಯಾಕಿಂಗಿನಲ್ಲಿ ಶಿಫ್ಟು ಯಾವಾಗ ಬದಲಾಗುತ್ತದೋ ಹೇಳಲಾಗುತ್ತಿರಲಿಲ್ಲ. ಆಫೀಸಿನ ಕೆಲಸಕ್ಕೆ ಶಿಫ್ಟು ಇರಲಿಲ್ಲ. ಅದು ಸಿಕ್ಕರೆ ಮಗಳನ್ನು ಕರೆದುಕೊಂಡು ಬಂದು ಬಟವಾಡಿಯಲ್ಲೇ ಸ್ಕೂಲಿಗೆ ಸೇರಿಸುತ್ತೇನೆ ಅಂತ ಅವಳೇ ನನಗೆ ಹೇಳಿದ್ದಳು. ನನಗೆ ನನ್ನ ಎದೆ ಮುಖ್ಯ, ಅವಳಿಗೆ ಅವಳ ಮಗಳು ಮುಖ್ಯ, ಇರುವುದು ಒಂದೇ ಕುರ್ಚಿ.

ಹೀಗಿರುವಾಗ ಅವಳೇ ಬಂದು, ‘ರತ್ನಾ, ಇಬ್ರೂ ಒಟ್ಗೆ ಓದಣ ಕಣೇ. ನಂಗೆ ಗ್ರಾಮರ್ ಅಷ್ಟೋ ಇಷ್ಟೋ ಬರ್ತದೆ, ಈ ಪದಗಳೇ ತಲೇಲಿ ನಿಲ್ಲಲ್ಲ. ನಿಂಗೆ ಪದ ಬರ್ತಾವೆ’ ಅಂದರೆ ಯಾರಿಗೆ ತಾನೇ ಅನುಮಾನ ಬರುವುದಿಲ್ಲ? ನನಗಂತೂ ಬಂತು. ಮನೆಗೆ ಬಂದು ಅಮ್ಮನಿಗೆ ಹೇಳಿದೆ.

‘ಅವ್ಳು ನಿಂಗೆ ಹೇಳ್ಕೊಡ್ತಾಳೆ, ನೀನು ಅವ್ಳಿಗೆ ಹೇಳ್ಕೊಡು. ಇದ್ರಲ್ಲಿ ಏನದೆ ಮೋಸ?’ ಅಂದಳು ಅಮ್ಮ.

‘ಒಂದೇ ಸೀಟಿರೋದು ಕಣಮ್ಮ. ನಾನು ಪಾಸಾದ್ರೆ ಅವ್ಳಿಗೇನು ಲಾಭ?’

‘ಅದನ್ನ ನೀನು ಯೋಚ್ನೆ ಮಾಡ್ತಿದೀಯ. ಅವ್ಳು ಮಾಡಿಲ್ಲ ಅನ್ಸುತ್ತೆ.’

ಅವಳು ಯೋಚನೆ ಮಾಡಿಲ್ಲ ಅನ್ನುವುದನ್ನು ನಾನು ನಂಬಲಿಲ್ಲ. ಆದರೆ ಗ್ರಾಮರ್ ನನಗೆ ಬೇಕಿತ್ತು, ಹಾಗಾಗಿ ಒಪ್ಪಿಕೊಂಡೆ.

ನಮ್ಮ ಲೈನಿನಲ್ಲಿ ಒಂದು ಕಟ್ಟುನಿಟ್ಟಿನ ನಿಯಮ ಇತ್ತು. ನೀನು ತುಂಬಿದ ಪೆಟ್ಟಿಗೆಯನ್ನು ನೀನೇ ತೂಕ ನೋಡುವ ಹಾಗಿಲ್ಲ. ಪಕ್ಕದ ಟೇಬಲ್ಲಿನವರು ತೂಗಿ, ಪೆಟ್ಟಿಗೆಯ ಚೀಟಿಯ ಮೇಲೆ ಓಕೆ ಅಂತ ಬರೆದು ಸಹಿ ಹಾಕಬೇಕು. ತೂಕ ಕಡಿಮೆ ಬಂದು ಪೆಟ್ಟಿಗೆ ವಾಪಸ್ ಬಂದರೆ ತುಂಬಿದವಳನ್ನು ಕರೆಯುವುದಿಲ್ಲ, ಸಹಿ ಹಾಕಿದವಳನ್ನು ಕರೆಯುತ್ತಾರೆ. ಅಂಬಿಕ ಇದನ್ನೇ ಇಂಗ್ಲಿಷಿಗೂ ತಂದಳು. ದಿನಾ ಬೆಳಿಗ್ಗೆ ಬಸ್ಸಿನಲ್ಲಿ ನಾನು ಅವಳಿಗೆ ಹತ್ತು ಪದ ಕೊಡಬೇಕು, ಅವಳು ನನಗೆ ಬಿಟ್ಟ ಸ್ಥಳ ತುಂಬುವ ಹತ್ತು ವಾಕ್ಯ ಕೊಡಬೇಕು. ಬರೆದ ಮೇಲೆ ನೋಟ್‌ಬುಕ್ ಅದಲು ಬದಲು. ಕೆಂಪು ಪೆನ್ನಿನಲ್ಲಿ ತಿದ್ದಿ, ಕೆಳಗೆ ಓಕೆ ಅಂತ ಬರೆದು ಸಹಿ. ಅವಳ ನೋಟ್‌ಬುಕ್ಕಿನಲ್ಲಿ ‘ಓಕೆ, ರತ್ನ’, ನನ್ನದರಲ್ಲಿ ‘ಓಕೆ, ಅಂಬಿಕ’.

ಬಸ್ಸು ಬಟವಾಡಿಯಲ್ಲಿ ನಮ್ಮನ್ನು ಹತ್ತಿಸಿಕೊಂಡು ಶಿರಾ ರಸ್ತೆ ಹಿಡಿದರೆ ವಸಂತನರಸಾಪುರ ಮುಟ್ಟುವಷ್ಟರಲ್ಲಿ ನಮ್ಮದು ಒಂದು ಪಾಠ ಮುಗಿಯುತ್ತಿತ್ತು. ಬೆಳಗಿನ ಏಳಕ್ಕೇ ಕಿಟಕಿ ಸರಳು ಕಾದಿರುತ್ತಿತ್ತು. ಹಿಂದಿನ ಸೀಟಿನ ಹೆಂಗಸರು ಬಿಡುತ್ತಿರಲಿಲ್ಲ. ‘ಕಾನ್ವೆಂಟು ಶುರುವಾಯ್ತು ಕಣ್ರೇ, ಮಾತಾಡ್ಬೇಡಿ, ಮಿಸ್ಸು ಹೊಡೀತಾರೆ’ ಅನ್ನುವರು. ಅಂಬಿಕ ತಿರುಗಿ, ‘ಸೈಲೆನ್ಸ್’ ಅಂತ ಗದರಿಸಿದರೆ ಬಸ್ಸಿಗೆ ಬಸ್ಸೇ ನಗುತ್ತಿತ್ತು. ಆ ಬಸ್ಸಿನಲ್ಲಿ ಎಲ್ಲರ ಕೂದಲಿಂದಲೂ ಸಾಂಬಾರ್ ಪುಡಿ ವಾಸನೆ ಬರುತ್ತಿತ್ತು. ನಮ್ಮ ನೋಟ್‌ಬುಕ್ಕುಗಳಿಂದಲೂ ಅದೇ ವಾಸನೆ, ಹಾಳೆಯ ಮಡಿಕೆಯಲ್ಲಿ ಕೆಂಪು ಧೂಳು.

ಅವಳು ಚೆನ್ನಾಗಿಯೇ ಹೇಳಿಕೊಡುತ್ತಿದ್ದಳು, ಅದನ್ನು ಒಪ್ಪಲೇಬೇಕು. ಆಕ್ಟಿವ್ ವಾಯ್ಸನ್ನು ಪ್ಯಾಸಿವ್ ವಾಯ್ಸಿಗೆ ತಿರುಗಿಸುವುದು ನನಗೆ ಮೂರು ವರ್ಷದಲ್ಲಿ ಯಾವ ಲೆಕ್ಚರರ್ ಹೇಳಿದರೂ ತಲೆಗೆ ಹತ್ತಿರಲಿಲ್ಲ. ಅವಳು, ‘ರತ್ನ ಪ್ಯಾಕ್ಸ್ ದಿ ಬಾಕ್ಸ್. ಈಗ ಪೆಟ್ಟಿಗೇನ ಮುಂದಕ್ಕೆ ತಾ, ನೀನು ಹಿಂದಕ್ಕೆ ಹೋಗು. ದಿ ಬಾಕ್ಸ್ ಈಸ್ ಪ್ಯಾಕ್ಡ್ ಬೈ ರತ್ನ. ಅಷ್ಟೇ ಕಣೇ’ ಅಂದಳು. ಅಷ್ಟೇ ಆಗಿತ್ತು. ಒಂದು ದಿನ ನಾನು ಅವಳಿಗೆ ಸಸ್ಪೀಷಿಯಸ್ ಅನ್ನುವ ಪದ ಕೊಟ್ಟೆ. ಅನುಮಾನ ಪಡುವ ಅಂತ ಸರಿಯಾಗಿಯೇ ಅರ್ಥ ಬರೆದು, ವಾಕ್ಯ ಮಾಡಿದಳು: ‘ಮೈ ಫ್ರೆಂಡ್ ಈಸ್ ಆಲ್ವೇಸ್ ಸಸ್ಪೀಷಿಯಸ್.’ ಬರೆದು ನನ್ನ ಮುಖ ನೋಡಿ ನಕ್ಕಳು. ತಮಾಷೆಗೆ ಬರೆದಳೋ, ನನ್ನ ಒಳಗಿದ್ದದ್ದು ಅವಳಿಗೆ ಗೊತ್ತಾಗಿದೆಯೋ ಅಂತ ಇಡೀ ದಿನ ತಲೆಗೆ ಹುಳ ಬಿಟ್ಟುಕೊಂಡೆ.

ಆಮೇಲೆ ಜೆರಾಕ್ಸ್ ಅಂಗಡಿಯ ಪ್ರಸಂಗ ನಡೆಯಿತು. ಒಂದು ಸಂಜೆ ಅಮ್ಮನಿಗೆ ಮಾತ್ರೆ ತರಲು ಹೋದವಳು ಬಟವಾಡಿ ರಸ್ತೆಯ ಜೆರಾಕ್ಸ್ ಅಂಗಡಿಯಲ್ಲಿ ಅಂಬಿಕಳನ್ನು ನೋಡಿದೆ. ಕೈಯಲ್ಲಿ ಎರಡು ಬೆರಳು ದಪ್ಪದ ಹಾಳೆಯ ಕಂತೆ. ನನ್ನನ್ನು ಕಂಡದ್ದೇ ಅದನ್ನು ಬ್ಯಾಗಿನೊಳಗೆ ತುರುಕಿದಳು.

‘ಏನೇ ಅದು?’ ಅಂದೆ.

‘ಏನೋ ಬುಡು, ಮನೇದು’ ಅಂದಳು. ಮುಖ ಕೆಂಪಾಗಿತ್ತು.

ಮನೆಯದು ಅಷ್ಟು ದಪ್ಪ ಏನಿರುತ್ತದೆ? ಆಧಾರ್ ಕಾರ್ಡು ಎರಡು ಹಾಳೆ, ರೇಷನ್ ಕಾರ್ಡು ಒಂದು ಹಾಳೆ. ಅವಳಿಗೆ ಪ್ರಶ್ನೆಗಳು ಸಿಕ್ಕಿವೆ, ನನಗೆ ಮಾತ್ರ ಬಿಟ್ಟ ಸ್ಥಳ ತುಂಬಿಸುತ್ತಾ ಕೂರಿಸಿದ್ದಾಳೆ ಅಂತ ತೀರ್ಮಾನ ಮಾಡಿಕೊಂಡೆ. ಊಟಕ್ಕೆ ಕೂತರೂ ಅದೇ, ಮಲಗಿದರೂ ಅದೇ.

ಮರುದಿನ ಬಸ್ಸು ಊರುಕೆರೆ ದಾಟುತ್ತಿತ್ತು. ಅವಳ ನೋಟ್‌ಬುಕ್ ನನ್ನ ತೊಡೆಯ ಮೇಲಿತ್ತು. ಅಬಂಡನ್ ಅಂದರೆ ಕೈಬಿಡುವುದು. ಅವಳು ಹೇರಳ ಅಂತ ಬರೆದಿದ್ದಳು. ಕೆಂಪು ಪೆನ್ನು ಹಿಡಿದೆ. ಅವಳು ಕಿಟಕಿಯ ಆಚೆ ನೋಡುತ್ತಿದ್ದಳು. ನಾನು ಅದರ ಮುಂದೆ ಸರಿ ಗುರುತು ಹಾಕಿದೆ. ಕೆಳಗೆ ಓಕೆ ಅಂತ ಬರೆದು ಸಹಿ ಹಾಕಿ ವಾಪಸ್ ಕೊಟ್ಟೆ. ‘ಹತ್ತಕ್ಕೆ ಎಂಟಾ! ಪರ್ವಾಗಿಲ್ವಲ್ಲೇ ನಾನು’ ಅಂತ ಅವಳು ಖುಷಿಪಟ್ಟಳು. ಅವಳಿಗೆ ಬಂದದ್ದು ನಿಜವಾಗಿ ಏಳೇ.

ಒಂದು ಸಲ ಮಾಡಿ ಬಿಟ್ಟಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ನಾಲ್ಕು ದಿನ ಬಿಟ್ಟು ಅಂಬಿಕಳೇ ಒಂದು ಕಂತೆಯನ್ನು ನನ್ನ ಕೈಗಿಟ್ಟಳು. ಹಳೇ ವರ್ಷಗಳ ಪ್ರಶ್ನೆಪತ್ರಿಕೆಗಳು, ಹಿಂದೆ ಯಾರೋ ಬರೆದ ಉತ್ತರಗಳು. ‘ಅವತ್ತು ಮಷೀನ್ ಕೆಟ್ಟೋಗಿ ಒಂದೇ ಕಾಪಿ ಆಗಿತ್ತು ಕಣೇ. ಒಂದೇ ತೋರ್ಸಿದ್ರೆ ನೀನೇನ್ ಅಂದ್ಕೊಳ್ತಿಯೋ ಅಂತ, ಎರಡಾಗೋ ವರ್ಗೂ ಸುಮ್ನಿದ್ದೆ. ಇದು ನಿಂದು’ ಅಂದಳು.

ಆಗಲಾದರೂ ನಾನು ನಾಚಿಕೊಳ್ಳಬೇಕಿತ್ತು. ನಾಚಿಕೊಂಡೆ ಕೂಡ, ಸಂಜೆವರೆಗೆ. ಸಂಜೆ ಮನೆಯಲ್ಲಿ ಕೂತು, ಮೂಲೆಯ ನಂಬರ್ ನೋಡುತ್ತಾ ಹಾಳೆ ಎಣಿಸಿದೆ. ಹದಿಮೂರು ಆದ ಮೇಲೆ ಹದಿನೈದು. ಹದಿನಾಲ್ಕನೇ ಹಾಳೆ ಇರಲಿಲ್ಲ. ಮತ್ತೆ ಎಣಿಸಿದೆ, ಕಂತೆ ಕೊಡವಿದೆ, ಮಂಚದ ಕೆಳಗೆ ನೋಡಿದೆ. ಇಲ್ಲ.

‘ಒಂದು ಹಾಳೆ ಕಿತ್ತಿಟ್ಕೊಂಡವ್ಳೆ ಕಣಮ್ಮ’ ಅಂದೆ.

ಅಮ್ಮ ಸೊಪ್ಪು ಬಿಡಿಸುತ್ತಿದ್ದಳು. ‘ಹೋಗಿ ಕೇಳು’ ಅಂದಳು.

‘ಕೇಳಿದ್ರೆ ಒಪ್ಕೊಳ್ತಾಳಾ?’

‘ಹಂಗಾದ್ರೆ ಕೇಳ್ಬೇಡ. ಕೂತ್ಕೊಂಡು ಕೊರಗು’ ಅಂತ ಸೊಪ್ಪಿನ ಬುಟ್ಟಿ ಎತ್ತಿಕೊಂಡು ಎದ್ದಳು. ನಾನು ಕೇಳಲಿಲ್ಲ.

ಅಲ್ಲಿಂದ ಅದೇ ನನ್ನ ದಿನಚರಿಯಾಯಿತು. ಅವಳ ಹತ್ತರಲ್ಲಿ ಒಂದೋ ಎರಡೋ ತಪ್ಪನ್ನು ನೋಡಿಯೂ ಬಿಡುವುದು, ಸರಿ ಗುರುತು ಹಾಕುವುದು, ಸಹಿ ಮಾಡುವುದು. ಎಲ್ಲವನ್ನೂ ಬಿಟ್ಟರೆ ಗೊತ್ತಾಗುತ್ತದೆ ಅಂತ ಕೆಲವನ್ನು ಬೇಕಂತಲೇ ಕಟ್ಟುನಿಟ್ಟಾಗಿ ತಿದ್ದುತ್ತಿದ್ದೆ. ನಾನು ಹೀಗೆ ಮಾಡತೊಡಗಿದ ಮೇಲೆ ಅವಳೂ ನನಗೆ ಇದನ್ನೇ ಮಾಡುತ್ತಿದ್ದಾಳೆ ಅನ್ನುವುದು ನನಗೆ ಖಾತ್ರಿಯಾಗಿಬಿಟ್ಟಿತು. ಒಂದು ದಪ್ಪ ಗ್ರಾಮರ್ ಪುಸ್ತಕ ತಂದೆ. ಅವಳು ತಿದ್ದಿದ ಒಂದೊಂದು ವಾಕ್ಯವನ್ನೂ ಸಂಜೆ ಕೂತು ಆ ಪುಸ್ತಕದಲ್ಲಿ ಹುಡುಕಿ, ತಾಳೆ ನೋಡುತ್ತಿದ್ದೆ. ಎಲ್ಲಿ ಸಿಕ್ಕಿಬೀಳುತ್ತಾಳೆ ಅಂತ ಕಣ್ಣಲ್ಲಿ ಕಣ್ಣಿಟ್ಟು ಹುಡುಕಿದೆ. ಇಡೀ ವೈಶಾಖ ಹುಡುಕಿದೆ, ಜ್ಯೇಷ್ಠದಲ್ಲೂ ಹುಡುಕಿದೆ. ಅವಳು ಒಂದು ಸಲವೂ ಸಿಗಲಿಲ್ಲ. ಅವಳ ಮೇಲಿನ ಅನುಮಾನಕ್ಕೆ ನಾನು ಗ್ರಾಮರನ್ನು ಎರಡೆರಡು ಸಲ ಓದಿದ್ದೆ. ನಾನು ಇಂಗ್ಲಿಷ್ ಕಲಿತದ್ದು ಹಾಗೆ, ಹೇಳಿಕೊಳ್ಳುವುದಕ್ಕೆ ನಾಚಿಕೆಯಾಗುತ್ತದೆ.

ಮುಂಗಾರು ಆ ವರ್ಷ ಕೆರೆ ತುಂಬಿಸುವಷ್ಟೇನೂ ಬರಲಿಲ್ಲ, ಬಸ್ಸಿನ ಕಿಟಕಿ ಒದ್ದೆ ಮಾಡುವಷ್ಟು ಬಂತು. ಆಮೇಲೆ ಆಷಾಢದ ಗಾಳಿ ಶುರುವಾಯಿತು. ಪರೀಕ್ಷೆಗೆ ಎಂಟು ದಿನ ಇತ್ತು. ಅಂಬಿಕ ಬೆಳಿಗ್ಗೆ ಬಸ್ ಹತ್ತಿದವಳು ತನ್ನ ನೋಟ್‌ಬುಕ್ ತೆಗೆಯಲೇ ಇಲ್ಲ.

‘ಇನ್ಮೇಲೆ ನಂದು ನೋಡೋದು ಬೇಡ ಕಣೇ. ಟೈಮ್ ಸಾಲಲ್ಲ. ನಿಂದೇ ನೋಡಣ’ ಅಂದಳು. ದನಿ ಎಂದಿನ ಹಾಗೆ ಇರಲಿಲ್ಲ.

‘ಯಾಕೆ, ನೀನು ಓದಲ್ವಾ?’

‘ಮನೇಲಿ ಓದ್ಕೊಳ್ತೀನಿ ಬುಡು. ಎಲ್ಲಿ, ಬರ್ದಿರೋದು ಕೊಡು’ ಅಂತ ನನ್ನ ನೋಟ್‌ಬುಕ್ ಎಳೆದುಕೊಂಡಳು. ಎಂದಿಗಿಂತ ಹೆಚ್ಚು ಒತ್ತಿ ಒತ್ತಿ ತಿದ್ದಿದಳು, ಕೆಂಪು ಪೆನ್ನಿನ ಮೊನೆ ಹಾಳೆಯ ಹಿಂದಕ್ಕೆ ಮೂಡುವಷ್ಟು.

ನಾನು ಏನು ಅಂದುಕೊಂಡೆ ಗೊತ್ತೇ? ಅವಳಿಗೆ ಈ ಸಲದ ಪ್ರಶ್ನೆಪತ್ರಿಕೆಯೇ ಸಿಕ್ಕಿದೆ, ಇನ್ನು ನನ್ನ ಪದಗಳು ಅವಳಿಗೆ ಬೇಕಿಲ್ಲ ಅಂತ. ಆ ಎಂಟು ದಿನವೂ ಅವಳು ನನ್ನದನ್ನು ತಿದ್ದಿ ಸಹಿ ಹಾಕಿದಳು. ಆ ಎಂಟು ದಿನವೂ ನಾನು ಸಂಜೆ ಅದನ್ನು ಪುಸ್ತಕದಲ್ಲಿ ತಾಳೆ ನೋಡಿದೆ.

ಪರೀಕ್ಷಾ ಕೇಂದ್ರ ಗುಬ್ಬಿಯ ಒಂದು ಕಾಲೇಜಿನಲ್ಲಿ ಬಿದ್ದಿತ್ತು. ತುಮಕೂರಿನಿಂದ ಬೆಳಿಗ್ಗೆ ಹೊರಟರೆ ಸಾಕು. ಆದರೆ ಬಸ್ಸು ಕೆಟ್ಟರೆ, ರಸ್ತೆ ತಡೆ ಆದರೆ ಅಂತ ನಾನು ಹಿಂದಿನ ದಿನವೇ ನಿಟ್ಟೂರಿಗೆ ಅಣ್ಣನ ಮನೆಗೆ ಹೋಗಿ ಉಳಿದೆ. ಬೆಳಿಗ್ಗೆ ಅಣ್ಣ ಗಾಡಿಯಲ್ಲಿ ಕರೆತಂದು ಎರಡು ಗಂಟೆ ಮುಂಚೆಯೇ ಕಾಲೇಜಿನ ಗೇಟಿನಲ್ಲಿ ಬಿಟ್ಟ. ವಾಚ್‌ಮನ್ ಆಗಿನ್ನೂ ಹಲ್ಲುಜ್ಜುತ್ತಿದ್ದ. ಒಬ್ಬೊಬ್ಬರೇ ಬಂದರು, ಗಂಟೆ ಹೊಡೆಯಿತು, ಅಂಬಿಕ ಬರಲಿಲ್ಲ. ನಮಗೆ ಒಂದೇ ರೂಮು, ಅವಳ ಬೆಂಚು ನನಗಿಂತ ಎರಡು ಸಾಲು ಮುಂದಿತ್ತು. ಪ್ರಶ್ನೆಪತ್ರಿಕೆ ಕೈಗೆ ಬಂದ ಮೇಲೂ ಆ ಖಾಲಿ ಬೆಂಚನ್ನೇ ನೋಡಿದೆ.

ಅರ್ಧ ಗಂಟೆ ಕಳೆದ ಮೇಲೆ ಬಂದಳು. ಸೆರಗು ಒಂದು ಕಡೆ, ಗಾಳಿಗೆ ಕೂದಲು ಕೆದರಿ ಇನ್ನೊಂದು ಕಡೆ. ಬಾಗಿಲಲ್ಲಿ ಮೇಲ್ವಿಚಾರಕರಿಗೆ ಕೈಮುಗಿದು ಒಳಗೆ ಬಂದು ಕೂತಳು. ಮಗಳಿಗೆ ಜ್ವರ ಅಂತ ಹಿಂದಿನ ಸಂಜೆ ಕುಣಿಗಲ್ಲಿಗೆ ಹೋಗಿದ್ದಳಂತೆ, ಅಲ್ಲಿಂದ ತುಮಕೂರಿಗೆ ಬಂದು, ಬಸ್ ಬದಲಾಯಿಸಿ ಗುಬ್ಬಿಗೆ ಬಂದಿದ್ದಳು. ಇದು ಆಮೇಲೆ ಗೊತ್ತಾದದ್ದು. ಆ ಕ್ಷಣದಲ್ಲಿ ನನಗೆ ಹೊಳೆದದ್ದು ಒಂದೇ: ಎಲ್ಲಿಂದಲೋ ಉತ್ತರ ತರಿಸಿಕೊಂಡು ಬಂದಿದ್ದಾಳೆ. ಪರೀಕ್ಷೆ ಬರೆಯುತ್ತಲೇ ನಡುನಡುವೆ ತಲೆ ಎತ್ತಿ ಅವಳ ಕೈ ನೋಡಿದೆ. ಅವಳ ಕೈಯಲ್ಲಿ ಪೆನ್ನು ಬಿಟ್ಟರೆ ಏನೂ ಇರಲಿಲ್ಲ.

ಪೇಪರಿನಲ್ಲಿ ವಾಕ್ಯ ತಿರುಗಿಸುವುದು ಬಂದಿತ್ತು. ಪೆಟ್ಟಿಗೆಯನ್ನು ಮುಂದಕ್ಕೆ ತಂದೆ, ನಾನು ಹಿಂದಕ್ಕೆ ಹೋದೆ. ಐದಕ್ಕೆ ಐದನ್ನೂ ಬರೆದೆ. ಪದಗಳ ಅರ್ಥವೂ ಬಂದಿತ್ತು. ಅದನ್ನು ಓದುವಾಗ ಮಾತ್ರ ಎರಡು ಸಾಲು ಮುಂದಿನ ಆ ಬೆನ್ನನ್ನು ನೋಡಲಾಗಲಿಲ್ಲ.

ಮುಗಿದ ಮೇಲೆ ಗುಬ್ಬಿ ಬಸ್‌ಸ್ಟ್ಯಾಂಡಿನಲ್ಲಿ ಇಬ್ಬರೂ ಕಲ್ಲು ಬೆಂಚಿನ ಮೇಲೆ ಕೂತು ಚುರುಮುರಿ ತಿಂದೆವು. ಗಾಳಿಗೆ ಪೊಟ್ಟಣದಿಂದ ಮಂಡಕ್ಕಿ ಹಾರುತ್ತಿತ್ತು. ‘ಹೆಂಗಾಯ್ತೇ?’ ಅಂದೆ. ‘ಬರ್ದಿದೀನಿ. ಪ್ರಬಂಧ ಪೂರ್ತಿ ಆಗ್ಲಿಲ್ಲ’ ಅಂದಳು. ಆಮೇಲೆ ಮಗಳ ಜ್ವರ ಇಳಿಯಿತಾ ಅಂತ ಫೋನ್ ಮಾಡಿ ಕೇಳಿದಳು.

ರಿಸಲ್ಟು ಬಂದದ್ದು ಕಂಪನಿ ಬಸ್ಸಿನಲ್ಲೇ. ಫೋನಿನಲ್ಲಿ ನನ್ನ ನಂಬರ್ ಹಾಕಿದೆ, ಪಾಸ್. ನಂಬಿಕೆಯಾಗದೆ ಮತ್ತೆ ಹಾಕಿದೆ, ಮೂರನೇ ಸಲವೂ ಹಾಕಿದೆ. ಅಂಬಿಕ ತನ್ನದನ್ನು ಒಂದೇ ಸಲ ನೋಡಿ ಫೋನನ್ನು ಬ್ಯಾಗಿಗೆ ಹಾಕಿಕೊಂಡಳು. ‘ನಂದು ಹೋಯ್ತು ಕಣೇ. ನಿಂದಾಯ್ತಲ್ಲ, ಬುಡು’ ಅಂದು ನನ್ನ ಕೈ ಒತ್ತಿದಳು. ಹಿಂದಿನ ಸೀಟಿನವರು, ‘ಮಿಸ್ಸು, ಸ್ವೀಟ್ ಯಾವಾಗ?’ ಅಂತ ಕೂಗುತ್ತಿದ್ದರು. ಅವಳು ಕಿಟಕಿ ಕಡೆ ತಿರುಗಿಕೊಂಡಳು. ಇನ್ನೊಬ್ಬರ ಖುಷಿಯನ್ನೂ ದುಃಖವನ್ನೂ ಸದಾ ತೂಗಿ ನೋಡುತ್ತಿದ್ದ ನನಗೆ ಆ ದಿನ ತೂಗಲು ಏನೂ ಇರಲಿಲ್ಲ. ಅವಳು ಅಳುತ್ತಿದ್ದಳು, ಅಷ್ಟೇ.

ದೀಪಾವಳಿಗೆ ಮೊದಲೇ ನನಗೆ ಆಫೀಸಿನ ಸೀಟು ಸಿಕ್ಕಿತು. ಅಂಬಿಕ ಕೆಲಸ ಬಿಟ್ಟು ಮಗಳ ಹತ್ತಿರ ಕುಣಿಗಲ್ಲಿಗೆ ಹೋದಳು. ಅಮ್ಮ ಅವಳಿಗೆ ಹೂವು, ಹಣ್ಣು, ರವಿಕೆ ಬಟ್ಟೆ ಕೊಟ್ಟು ಕಳಿಸಿದಳು. ನಾನು ಡ್ಯೂಟಿಯ ನೆಪ ಹೇಳಿ ಬಸ್ ಹತ್ತಿಸಲೂ ಹೋಗಲಿಲ್ಲ.

ಆಫೀಸಿನಲ್ಲಿ ಫ್ಯಾನು, ಗಾಜಿನ ಬಾಗಿಲು, ಕುರ್ಚಿ. ಆರು ತಿಂಗಳಲ್ಲಿ ಕೆಮ್ಮು ಹೋಯಿತು. ಆದರೆ ನನ್ನ ಟೇಬಲ್ಲಿಗೆ ದಿನಾ ಬರುವುದು ಯಾವ ಕಾಗದ? ಅದೇ ಪೆಟ್ಟಿಗೆಯ ಚೀಟಿಗಳು. ಓಕೆ, ಸಹಿ. ಓಕೆ, ಸಹಿ. ಏಳು ವರ್ಷದಿಂದ ಅವುಗಳನ್ನು ನೋಡಿ, ಜೋಡಿಸಿ, ಫೈಲ್ ಮಾಡುತ್ತಿದ್ದೇನೆ. ಒಂದೊಂದು ದಿನ ಒಂದು ಚೀಟಿ ಕೈಯಲ್ಲಿ ಹಿಡಿದು ಸುಮ್ಮನೆ ಕೂತುಬಿಡುತ್ತೇನೆ. ಅವಳು ಫೇಲಾದದ್ದು ಅರ್ಧ ಗಂಟೆ ತಡವಾದದ್ದಕ್ಕೋ, ನನ್ನ ಸರಿ ಗುರುತುಗಳಿಗೋ? ಇದನ್ನು ಯಾವ ಪುಸ್ತಕದಲ್ಲಿ ತಾಳೆ ನೋಡುವುದು?

ಹೋದ ತಿಂಗಳು ಅವಳ ವಾಯ್ಸ್ ಮೆಸೇಜು ಬಂತು. ‘ರತ್ನಾ, ಮಸಾಲೆ ಪುಡಿ ಯೂನಿಟ್ಟು ಶುರು ಮಾಡ್ತಿದೀನಿ ಕಣೇ. ಪೂಜೆ ಇಟ್ಕೊಂಡಿದೀನಿ. ಬರ್ಲೇಬೇಕು ನೀನು.’ ಏಳು ವರ್ಷ ಹಬ್ಬಕ್ಕೊಂದು ಶುಭಾಶಯ ಬಿಟ್ಟರೆ ಮಾತಿಲ್ಲದವಳು ಈಗ ಯಾಕೆ ಕರೆಯುತ್ತಾಳೆ? ನಮ್ಮ ಕಂಪನಿಯಿಂದ ಏನಾದರೂ ಸಹಾಯ ಬೇಕಾಗಿರಬೇಕು. ಇಲ್ಲವೇ ನಾಲ್ಕು ಜನರ ಮುಂದೆ ನನ್ನ ಮಾನ ಕಳೆಯಬೇಕು ಅಂತಿರಬೇಕು. ಹೀಗೆಲ್ಲ ಯೋಚಿಸಿ, ಜನ ಕರಗಿರಲಿ ಅಂತ ಬೇಕೆಂದೇ ಮಧ್ಯಾಹ್ನ ಮಾಡಿಕೊಂಡು ಹೋದೆ. ಬಾಗಿಲಲ್ಲಿ ಸೀನುತ್ತಾ ನಿಂತದ್ದು ಆಗಲೇ.

‘ಇನ್ನೂ ಹೋಗಿಲ್ವೇನೇ ನಿನ್ ಸೀನು?’ ಅಂತ ಅಂಬಿಕ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದಳು. ಸ್ವಲ್ಪ ದಪ್ಪ ಆಗಿದ್ದಳು, ಕಿವಿಯ ಹತ್ತಿರ ನಾಲ್ಕು ಬಿಳಿಕೂದಲು. ಪೂಜೆ ಬೆಳಿಗ್ಗೆಯೇ ಮುಗಿದು, ಮೊದಲ ಹುರಿತ ನಡೆದಿತ್ತು. ಮೂವರು ಹೆಂಗಸರು ಟೇಬಲ್ಲಿಗೆ ಕೂತು ಪೊಟ್ಟಣ ತುಂಬುತ್ತಿದ್ದರು. ನನಗೆ ಊಟಕ್ಕಿಟ್ಟು, ಎದುರಿಗೆ ಕೂತು ಹೋಳಿಗೆಗೆ ತುಪ್ಪ ಬಡಿಸಿದಳು. ಮಗಳು ಸ್ಕೂಲಿಗೆ ಹೋಗಿದ್ದಾಳೆ ಅಂದಳು. ಕೈ ತೊಳೆದು ಬಂದಾಗ ಗ್ರೈಂಡರ್ ಪಕ್ಕದ ಗೂಡಿನಲ್ಲಿ ಆ ನೋಟ್‌ಬುಕ್ ಕಂಡಿತು. ರಟ್ಟಿನ ಮೇಲೆ ಮೆಣಸಿನಪುಡಿಯ ಬೆರಳ ಗುರುತು. ಕೆಳಗೆ ಪ್ರಶ್ನೆಪತ್ರಿಕೆಗಳ ಕಂತೆ.

‘ಮಗ್ಳಿಗೆ ಬೇಕಾಗ್ತದೆ ಅಂತ ಎತ್ತಿಟ್ಟಿದೀನಿ’ ಅಂದಳು.

ನಾನು ಮೊದಲು ಎತ್ತಿಕೊಂಡದ್ದು ಕಂತೆಯನ್ನು. ಹನ್ನೆರಡು, ಹದಿಮೂರು, ಹದಿನೈದು. ಅವಳದರಲ್ಲೂ ಹದಿನಾಲ್ಕನೇ ಹಾಳೆ ಇರಲಿಲ್ಲ. ನನ್ನ ಕಾಪಿ ಮಾಡಿಸಿದ್ದೇ ಇದರಿಂದ. ಮಷೀನು ಕೆಟ್ಟ ದಿನ ನುಂಗಿದ ಹಾಳೆಗೆ ನಾನು ಎರಡು ತಿಂಗಳು ಅವಳನ್ನು ಕಳ್ಳಿ ಮಾಡಿದ್ದೆ. ಆಮೇಲೆ ನೋಟ್‌ಬುಕ್ ತೆರೆದೆ. ಅಬಂಡನ್, ಹೇರಳ, ನನ್ನ ಕೆಂಪು ಸರಿ ಗುರುತು. ಅದರ ಪಕ್ಕದಲ್ಲೇ ಪೆನ್ಸಿಲ್ಲಿನಲ್ಲಿ ಸಣ್ಣದಾಗಿ, ಕೈಬಿಡುವುದು. ಪುಟ ತಿರುಗಿಸಿದೆ. ಪ್ರತಿ ಪುಟದಲ್ಲೂ ಒಂದೋ ಎರಡೋ ಪೆನ್ಸಿಲ್ ತಿದ್ದುಪಡಿ. ಪ್ರತಿ ಪುಟದ ಕೆಳಗೂ ದಪ್ಪಕ್ಷರದಲ್ಲಿ ಓಕೆ, ರತ್ನ.

ತಲೆ ಎತ್ತಲಾಗಲಿಲ್ಲ. ‘ಯಾವಾಗ ಗೊತ್ತಾಯ್ತು?’ ಅಂದೆ.

‘ಪರೀಕ್ಷೆಗೆ ಎಂಟ್ ದಿನ ಇದ್ದಾಗ. ಒಂದ್ಸಲ ಎಲ್ಲಾ ನೋಡ್ಕೊಳ್ಳಣ ಅಂತ ಡಿಕ್ಷನರಿ ಇಟ್ಕೊಂಡು ಕೂತೆ. ಮೊದ್ಲು, ಪಾಪ ಅವ್ಳಿಗೂ ಗೊತ್ತಿಲ್ಲ ಅನ್ಕೊಂಡೆ. ಆಮೇಲೆ ನೋಡಿದ್ರೆ, ನಿಂಗೆ ಗೊತ್ತಿರೋ ಪದಗಳೇ ಎಲ್ಲಾ. ಎಂಥಾ ಸಿಟ್ಟು ಬಂತು ಅಂತೀಯ? ಬೆಳಿಗ್ಗೆ ಬಸ್ಸಲ್ಲೇ ನಿನ್ ಜುಟ್ಟು ಹಿಡ್ಕೊಂಡು ಎಳೀಬೇಕು ಅನ್ನಿಸ್ತು.’

‘ಎಳೀಬೇಕಿತ್ತು.’

‘ಎಳ್ದಿದ್ರೆ ನೀನು ನನ್ನ ಹತ್ರ ಬರೋದು ಬಿಡ್ತಿದ್ದೆ.’

‘ಬಿಟ್ರೆ ನಿಂಗೇನು? ಆ ಎಂಟು ದಿನ ನಂದು ಯಾಕೆ ತಿದ್ದಿದೆ? ಒಂದು ತಪ್ಪಾದ್ರೂ ಬಿಡ್ಬೋದಿತ್ತಲ್ಲೇ ನೀನು.’

ಅಂಬಿಕ ನನ್ನನ್ನು ವಿಚಿತ್ರವಾಗಿ ನೋಡಿದಳು. ‘ಅದರ ಕೆಳಗೆ ಸಹಿ ನಂದಲ್ವೇನೇ?’ ಅಂದಳು.

ನನಗೆ ಅಳು ಬಂತು. ಕೂತು ಅತ್ತೆ. ಪೊಟ್ಟಣ ತುಂಬುತ್ತಿದ್ದವರು ಕೈ ನಿಲ್ಲಿಸಿ ನೋಡಿದರು. ‘ಖಾರ ಹತ್ತಿದೆ ಅವಳಿಗೆ, ನೀವು ತುಂಬ್ರೇ’ ಅಂದಳು ಅಂಬಿಕ. ಆಮೇಲೆ ಮೆಲ್ಲಗೆ, ‘ನಾನು ಫೇಲಾಗಿದ್ದು ನಿನ್ನಿಂದಲ್ಲ ಬುಡು. ಅರ್ಧ ಗಂಟೆ ತಡ ಆಯ್ತಲ್ಲ, ಪ್ರಬಂಧ ಉಳ್ಕೊಂತು. ಪದಗಳೆಲ್ಲಾ ಸರಿಯಾಗೇ ಬರ್ದಿದ್ದೆ’ ಅಂದಳು. ಅದು ನಿಜವೋ, ನನ್ನ ಸಮಾಧಾನಕ್ಕೆ ಹೇಳಿದ್ದೋ ನನಗೆ ಈಗಲೂ ಗೊತ್ತಿಲ್ಲ. ಎಂಟು ದಿನದಲ್ಲಿ ಅಷ್ಟೂ ಪದ ಯಾರಿಗೆ ಬಾಯಿಪಾಠ ಆಗುತ್ತದೆ? ತಪ್ಪಾಯಿತು ಅಂದೆ. ಅವಳು ಪರವಾಗಿಲ್ಲ ಅನ್ನಲಿಲ್ಲ. ನನ್ನ ಕೈಯಿಂದ ನೋಟ್‌ಬುಕ್ ತೆಗೆದುಕೊಂಡು ಮತ್ತೆ ಗೂಡಿನಲ್ಲಿಟ್ಟಳು.

ಸಂಜೆ ಹೊರಡುವಾಗ ಯೂನಿಟ್ಟಿನ ಮೊದಲ ಪೆಟ್ಟಿಗೆ ತಯಾರಾಯಿತು. ಅವಳೇ ತುಂಬಿದ್ದಳು. ಚೀಟಿ ಅಂಟಿಸಿ, ಕೆಂಪು ಪೆನ್ನು ತಂದು ನನ್ನ ಕೈಗಿಟ್ಟಳು. ‘ನಾನು ತುಂಬಿದ್ದಕ್ಕೆ ನಾನೇ ಹಾಕೋ ಹಂಗಿಲ್ಲ. ನೀನು ಹಾಕು. ಕರ್ದಿದ್ದೇ ಇದಕ್ಕೆ.’

ನಾನು ಪೆನ್ನಿನ ಕ್ಯಾಪ್ ತೆಗೆದು ಸೀದಾ ಚೀಟಿಗೆ ಬಗ್ಗಿದೆ. ನಿನ್ನನ್ನು ಇನ್ನು ನಾನು ತೂಗುವುದಿಲ್ಲ ಅಂತ ಅವಳಿಗೆ ತೋರಿಸಬೇಕಿತ್ತು. ಅವಳು ನನ್ನ ಕೈ ಹಿಡಿದುಕೊಂಡಳು.

‘ತೂಕ ನೋಡೇ ಮೊದ್ಲು. ನೋಡ್ದೆ ಓಕೆ ಹಾಕೋದು ಇನ್ನೂ ಬಿಟ್ಟಿಲ್ವಾ ನೀನು?’

ಪೆಟ್ಟಿಗೆಯನ್ನು ಎತ್ತಿ ತಕ್ಕಡಿಯ ಮೇಲಿಟ್ಟೆ. ಅಂಕಿ ಏರಿ, ಇಳಿದು, ನಿಂತಿತು. ಬಗ್ಗಿ ಓದಿದೆ. ಮೂವತ್ತು ಗ್ರಾಂ, ಸರಿಯಾಗಿ ಒಂದು ಪೊಟ್ಟಣದಷ್ಟು ಕಡಿಮೆ ಇತ್ತು.

‘ಕಮ್ಮಿ ಅದೆ ಕಣೇ’ ಅಂದೆ.

‘ಹಂಗೆ ಹೇಳು ಮತ್ತೆ’ ಅಂದಳು ಅಂಬಿಕ. ಪೆಟ್ಟಿಗೆ ಬಿಚ್ಚಿ ಇನ್ನೊಂದು ಪೊಟ್ಟಣ ಹಾಕಿ, ಮತ್ತೆ ನನ್ನ ಮುಂದಿಟ್ಟಳು.